ವಲ್ಲಿಯ ಕೆಳಗಿನ ಬೆರಳು

ಅಪ್ಪ ತೆಂಡೇಕೆರೆ ಸಂತೆಯ ದನದ ದಲ್ಲಾಳಿ.
ಮಾರುವವನ ಕೈಯೊಮ್ಮೆ, ಕೊಳ್ಳುವವನ ಕೈಯೊಮ್ಮೆ
ವಲ್ಲಿಯೊಳಕ್ಕೆ ಎಳೆದುಕೊಂಡು
ಬೆರಳು ಹಿಡಿದರೆ ನೂರು, ಅರ್ಧ ಮಡಿಸಿದರೆ ಐವತ್ತು.
ಪಕ್ಕದಲ್ಲೇ ಮೆಲುಕು ಹಾಕುವ ಎತ್ತಿಗೂ
ಗೊತ್ತಾಗುತ್ತಿರಲಿಲ್ಲ ತನ್ನ ಬೆಲೆ.
ಆ ಕೈಗೂ ಈ ಕೈಗೂ ನಡುವೆ ಉಳಿದ ಒಂದು ಬೆರಳಲ್ಲಿ
ನಾವು ಐದು ಜನ ಉಂಡೆವು.

ನಾನು ಮೈಸೂರಿಗೆ ಬಂದು ಎತ್ತು ಬಿಟ್ಟೆ, ಸೈಟು ಹಿಡಿದೆ.
ಬೋಗಾದಿ ರಸ್ತೆಯ ಹೊಂಗೆಮರ, ಅದರಡಿ ಟೀ ಅಂಗಡಿ,
ಅಲ್ಲಿಯ ಕುಂಟು ಸ್ಟೂಲು ನನ್ನ ಆಫೀಸು.
ರಬ್ಬರ್ ಬ್ಯಾಂಡ್ ಬಿಗಿದ ಡೈರಿಯೊಳಗೆ
ದಟ್ಟಗಳ್ಳಿ, ಶ್ರೀರಾಂಪುರ, ಹೂಟಗಳ್ಳಿ ಮಲಗಿದ್ದವು.
ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರಿಗೆ ಬೈಪಾಸು,
ಯಾವ ಮೂಲೆ ಸೈಟಿನ ಮೇಲೆ ಅಣ್ಣತಮ್ಮಂದಿರ ಕೇಸು,
ಎಲ್ಲಾ ನನಗೊಬ್ಬನಿಗೇ ತಿಳಿಯುವ ಅಕ್ಷರದಲ್ಲಿ.
‘ಜವರಪ್ಪನ್ನ ಕೇಳಿ’ ಅಂದರೆ ಮುಗಿಯಿತು.
ಗೊತ್ತಿರುವುದು ಬಂಡವಾಳ,
ಹೇಳದೆ ಉಳಿಸಿಕೊಂಡದ್ದು ಲಾಭ.

ಈಗ ಬರುವವರು ಹದ್ದಿನ ಹಾಗೆ
ಮೊದಲೇ ಮೇಲಿಂದ ನೋಡಿ ಬಂದಿರುತ್ತಾರೆ.
ಸರ್ವೆ ನಂಬರು, ಇ-ಖಾತಾ, ಇ.ಸಿ.,
ಟೀ ಆರುವುದರೊಳಗೆ ನನಗೇ ತೋರಿಸುತ್ತಾರೆ.
‘ಇಲ್ಲೊಂದು ಕಾಲುವೆ ಹಾದು ಹೋಗಿದೆಯಲ್ಲ, ನೀವು ಹೇಳಲೇ ಇಲ್ಲ?’
ಕಮಿಷನ್ ಅಂದರೆ ನಗುತ್ತಾರೆ. ಕೆಟ್ಟ ನಗುವಲ್ಲ,
ಸಿಟಿ ಬಸ್ಸಿನಲ್ಲಿ ಹುಡುಗರು
ಎದ್ದು ಜಾಗ ಬಿಟ್ಟುಕೊಡುವಾಗ ನಗುವ ನಗು.

ಹೋದ ಆಷಾಢ. ಯಾರೂ ಸೈಟು ನೋಡದ ತಿಂಗಳು.
ಒಬ್ಬಳು ಸ್ಕೂಟರ್ ನಿಲ್ಲಿಸಿದಳು,
ಹೆಲ್ಮೆಟ್ಟೂ ತೆಗೆಯದೆ ಫೋನು ಮುಂದೆ ಹಿಡಿದಳು.
ಅರ್ಜಿ ಹಾಕಿ ತೆಗೆಸಿದ ತೊಂಬತ್ತೆಂಟರ ಕ್ರಯಪತ್ರ.
ಕೆಳಗೆ ಸಾಕ್ಷಿಯ ಸಹಿ, ಬಾಲ ಎಳೆದ ‘ಜ’, ನನ್ನದೇ.

‘ಪತ್ರದಲ್ಲಿ ಒಂದು ಲಕ್ಷದ ಎಂಬತ್ತು.
ನಮ್ಮವ್ವನ ಕೈಗೆ ಬಂದದ್ದು ಒಂದೂವರೆ.’

ಪುಟ್ಟಲಿಂಗಮ್ಮನ ಮಗಳು, ವಿನುತ.
ಕೊಂಡವನು ರೈಲ್ವೆ ವರ್ಕ್‌ಶಾಪಿನವನು, ಸಾಲ ಮಾಡಿದ್ದ,
ಅದಕ್ಕೇ ಪೂರ್ತಿ ಬೆಲೆ ಬರೆಸಿದ್ದ.
ಇಲ್ಲದಿದ್ದರೆ ಕಾಗದವೂ
ನನ್ನ ಜೊತೆ ಸೇರಿಕೊಂಡು ಸುಳ್ಳು ಹೇಳುತ್ತಿತ್ತು.

‘ಅವ್ವ ಸಾಯೋ ತನಕ ಅನ್ನೋಳು,
ಜವರಪ್ಪ ಒಳ್ಳೇ ಮನುಷ್ಯ ಕಣೆ,
ಹೆಬ್ಬೆಟ್ಟಿನ ಮಸಿ ಒರೆಸ್ಕೊಳ್ಳೋಕೆ
ಹೆಗಲ ಮೇಲಿನ ವಲ್ಲೀನೇ ಕೊಟ್ಟ, ಅಂತ.’

ಟೀ ಅಂಗಡಿಯವನು ರೇಡಿಯೋ ಸಣ್ಣ ಮಾಡಿದ.
ಬೈಯುತ್ತಾಳೆ ಎಂದು ಕಾದೆ.
ಬೈದಿದ್ದರೆ ಉತ್ತರವಿತ್ತು ನನ್ನ ಹತ್ತಿರ,
ಮೂವತ್ತು ವರ್ಷ ಬಳಸಿದ್ದು, ಹರಿತವಾದದ್ದು.

‘ಆ ಮನೇನೇ ವಾಪಸ್ ತಗೋಬೇಕು. ಕಾಗದ ಎಲ್ಲಾ ನೋಡಿದೀನಿ.
ರೈಲ್ವೆಯವರ ಹೆಂಡತಿ ಬಾಗಿಲೇ ತೆಗೀತಿಲ್ಲ.
ನೀವು ಕರೆದರೆ ತೆಗೀತಾರಂತೆ.’

ತೆಗೆದರು. ‘ಎಷ್ಟು ವರ್ಷ ಆಯ್ತೋ ಜವರಪ್ಪ’ ಅಂದರು,
ಮಂಡಿ ನೋವು ಹೇಳಿದರು, ಸೊಸೆಯ ಸುದ್ದಿ ಹೇಳಿದರು.
ಮೂರನೆಯ ದಿನ ತಾವೇ ಬೆಲೆ ಹೇಳಿದರು,
ಗಟ್ಟಿಯಾಗಿ, ಒಳಗಿನ ಕುಕ್ಕರಿಗೂ ಕೇಳುವ ಹಾಗೆ.
ವಿನುತ ತನ್ನದು ಹೇಳಿದಳು, ಅಷ್ಟೇ ಗಟ್ಟಿಯಾಗಿ.
ನಡುವೆ ಕೂತವನು ಕಾಫಿ ಕುಡಿದೆ.
ವಲ್ಲಿ ತೊಡೆಯ ಮೇಲಿತ್ತು,
ನನ್ನ ಎರಡು ಕೈಯೂ ಅದರ ಮೇಲಿದ್ದವು.

ಕಮಿಷನ್ ಎಪ್ಪತ್ತು ಸಾವಿರ ಎಂದು ಮಾತಾಗಿತ್ತು.
ನಲವತ್ತು ಕೊಟ್ಟಳು.
ನಾನು ಕೇಳಲಿಲ್ಲ. ಅವಳು ಬಡ್ಡಿ ಕೇಳಲಿಲ್ಲ.

ರಿಜಿಸ್ಟ್ರಾರ್ ಆಫೀಸಿನಲ್ಲಿ ಈಗ ಮಸಿಯಿಲ್ಲ,
ಗಾಜಿನ ಮೇಲೆ ಒತ್ತಿದರೆ ಕೆಂಪು ದೀಪ.
ನನ್ನ ಹೆಬ್ಬೆರಳನ್ನು ಮಿಷನ್ನು ಮೂರು ಸಲ ಒಪ್ಪಲಿಲ್ಲ.
‘ಗೆರೆ ಸವೆದಿದೆ ಯಜಮಾನರೇ,
ಒರೆಸಿಕೊಂಡು ಇನ್ನೊಂದು ಸಲ ಒತ್ತಿ’ ಅಂದ ಹುಡುಗ.

ವಿನುತ ನೋಡುತ್ತಿದ್ದಳು.
ಹೆಗಲಿನಿಂದ ವಲ್ಲಿ ತೆಗೆದು
ಒರೆಸಿಕೊಂಡೆ.